ಎರಡು ಗಂಟೆ ಒಂದು ನಿಮಿಷಕ್ಕೆ ಎಬ್ಬಿಸಿದ ಕೈ

"ಮಗ್ಗ ಚಾಲೂ ಆಗೂದಿಲ್ಲ ಅಂದ್ರ ಆಗೂದಿಲ್ಲ. ಅಣ್ಣನ ದಿನಾ ಇನ್ನೂ ಮುಗದಿಲ್ಲ. ಎಷ್ಟ ಸಲ ಹೇಳಬೇಕ್ರಿ ನಿಮಗ?"

ಮಲ್ಲಿನಾಥ ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದ. ಆ ಬೆನ್ನಿನ ಅಗಲಕ್ಕೆ ಸ್ವಿಚ್ಚೇನು, ಅರ್ಧ ಗೋಡೆಯೇ ಮುಚ್ಚಿಹೋಗಿತ್ತು. ಕಂಪ್ಯೂಟರ್ ರಿಪೇರಿ ಮಾಡುವ ಮನೀಷಾ ಅದನ್ನು ದಾಟಿ ಕೈ ಚಾಚುವುದು ಆಗದ ಮಾತು.

"ಐದ ಮಿನಿಟ್ ಸಾಕ್ರಿ, ಮಲ್ಲಿನಾಥಣ್ಣಾ. ಇಪ್ಪತ್ನಾಕೂ ಮಗ್ಗಾ ಐದ ಮಿನಿಟ್ ಓಡಲಿ. ಆಮ್ಯಾಲ ನಾನ ಬಂದ್ ಮಾಡತೇನಿ."

"ದುಃಖದ ಮನಿ ಇದು. ನಿಮಗ ಆಟಾ ಅನಸ್ತೇತಿ?"

ಮನೀಷಾ ಗೋಡೆಯ ಗಡಿಯಾರ ನೋಡಿದಳು. ಎರಡೂ ನಲವತ್ತು. ಹತ್ತು ನಿಮಿಷದಲ್ಲಿ ಇದು ಆರನೆಯ ಸಲ. ನಿಂತಲ್ಲಿ ನಿಲ್ಲಲಾಗದೆ ಕಾಲು ಬದಲಿಸುತ್ತಿದ್ದಳು. ನಾಲ್ಕು ಗಂಟೆಗೆ ಇಚಲಕರಂಜಿಯ ಕೋರ್ಟಿನಲ್ಲಿ ದತ್ತಾನನ್ನು ನಿಲ್ಲಿಸುತ್ತಾರೆ. ಅಷ್ಟರೊಳಗೆ ಅವನ ಪರವಾಗಿ ಏನೂ ಸಿಗದಿದ್ದರೆ ಅವನು ಕೊಲೆಗಾರನಾಗಿ ಕೊಲ್ಹಾಪುರದ ಜೈಲು ಸೇರುತ್ತಾನೆ.

ಮಂಗಳವಾರ ಮಧ್ಯಾಹ್ನ ಯಡ್ರಾವದ ಈ ಮಗ್ಗದ ಶೆಡ್ಡಿನ ಮಾಲಕ, ಮಲ್ಲಿನಾಥನ ಅಣ್ಣ ರಾಮಲಿಂಗಪ್ಪ, ಅಟ್ಟದ ಮೇಲಿನ ತನ್ನ ಆಫೀಸಿನಲ್ಲಿ ತಲೆಯೊಡೆದು ಸತ್ತಿದ್ದ. ಪಕ್ಕದಲ್ಲಿ ಬಿದ್ದಿದ್ದ ನಟ್ಟು ಬಿಗಿಯುವ ಕಬ್ಬಿಣದ ಪಾನಾ, ಮಗ್ಗ ರಿಪೇರಿ ಮಾಡುವ ದತ್ತಾನದು. ಬೆಳಿಗ್ಗೆಯಷ್ಟೇ ಮಾಲಕನಿಗೂ ಅವನಿಗೂ ಜಗಳವಾಗಿತ್ತು.

ದತ್ತಾನ ತಾಯಿ ಮುಕ್ತಾಬಾಯಿ ಅಟ್ಟಕ್ಕೆ ಹೋಗುವ ಮೆಟ್ಟಿಲಿನ ಬುಡದಲ್ಲಿ ಕೂತಿದ್ದಳು. ದಾನೋಳಿಯ ಕುರಿಗಾರರ ಮನೆಯ ಸೊಸೆ. ಗಂಡ ಸತ್ತ ಮೇಲೆ ಕುರಿ ಮಾರಿ, ಮಗನನ್ನು ಸೊಂಟಕ್ಕೇರಿಸಿಕೊಂಡು ಮಗ್ಗದೂರಿಗೆ ಬಂದು ಮೂವತ್ತು ವರ್ಷ ಶೆಡ್ಡಿಂದ ಶೆಡ್ಡಿಗೆ ನೂಲಿನ ಕಾಂಡಿ ಸುತ್ತಿದವಳು. ನಾಲ್ಕು ದಿನದಿಂದ ಅವಳ ಹೊಟ್ಟೆಗೆ ಚಹಾ ಬಿಟ್ಟರೆ ಏನೂ ಹೋಗಿರಲಿಲ್ಲ.

"ಯವ್ವಾ, ನನ್ನ ಮಗಾ ಇವತ್ತ ಬರತಾನಿಲ್ಲೋ?"

"ಬರತಾನ, ಆಯಿ," ಎಂದಳು ಮನೀಷಾ. ತನ್ನ ಹತ್ತಿರ ಇಲ್ಲದ್ದನ್ನು ಕೊಡುತ್ತೇನೆಂದು ಮಾತು ಕೊಟ್ಟಂತಾಗಿತ್ತು.

ಪೊಲೀಸರ ಲೆಕ್ಕಾಚಾರ ಮೇಲ್ನೋಟಕ್ಕೆ ಅಚ್ಚುಕಟ್ಟಾಗಿಯೇ ಇತ್ತು.

ರಾಮಲಿಂಗಪ್ಪನ ಶೆಡ್ಡಿನಲ್ಲಿ ಒಂದು ಕಟ್ಟಳೆ. ಯಡ್ರಾವ, ಕೊರೋಚಿಯ ಬೇರೆ ಶೆಡ್ಡುಗಳಲ್ಲಿ ಆಳುಗಳು ಸರದಿಯ ಮೇಲೆ ಉಂಡು ಬರುತ್ತಾರೆ, ಮಗ್ಗ ನಿಲ್ಲುವುದಿಲ್ಲ. ಇಲ್ಲಿ ಮಾತ್ರ ಒಂದರಿಂದ ಎರಡರವರೆಗೆ ಎಲ್ಲ ಮಗ್ಗವೂ ಬಂದ್. "ಉಣ್ಣೂ ಮುಂದ ಮನಶ್ಯಾಗ ತನ್ನ ಬಾಯಿ ಸಪ್ಪಳಾ ತನಗ ಕೇಳಬೇಕು" ಎನ್ನುತ್ತಿದ್ದ ಮುದುಕ. ನೆರೆಯ ಮಾಲಕರು ನಕ್ಕರೂ ಅವನು ಬಿಟ್ಟಿರಲಿಲ್ಲ.

ಮಂಗಳವಾರವೂ ಹಾಗೇ ಆಯಿತು. ಒಂದು ಗಂಟೆಗೆ ಮಗ್ಗ ನಿಂತವು. ಇಪ್ಪತ್ತು ಮಂದಿ ಮುಂದಿನ ಪಡಸಾಲೆಯಲ್ಲಿ ಸಾಲಾಗಿ ಕೂತು ಉಂಡರು, ದತ್ತಾನೂ ಅವರ ನಡುವೆಯೇ ಇದ್ದ. ಎರಡು ಹೊಡೆದಾಗ ಅವನೇ ಮೇನ್ ಹಾಕಿದ. ಎರಡೂ ಹತ್ತಕ್ಕೆ ಮಗ್ಗಕ್ಕೆ ಹೊಸ ಪಟ್ಟಾ ಕೇಳಲು ಮೇಲೆ ಹೋದವನು ಎರಡೂಕಾಲಿಗೆ ಚೀರುತ್ತ ಇಳಿದು ಬಂದ. ಒಂದರಿಂದ ಎರಡೂಕಾಲರ ನಡುವೆ ಯಾವಾಗಲಾದರೂ ಸತ್ತಿರಬಹುದು ಎಂದರು ಡಾಕ್ಟರು.

ಆ ವೇಳೆಯನ್ನು ಬಿಗಿ ಮಾಡಿದ್ದು ರಾಮಲಿಂಗಪ್ಪನ ಮೇಜಿನ ಮೇಲಿನ ಕಂಪ್ಯೂಟರ್. ಕೊಲ್ಹಾಪುರದಿಂದ ಬಂದ ತಜ್ಞನೊಬ್ಬ ಅದರ ಹೊಟ್ಟೆಯೊಳಗಿನ ದಾಖಲೆ ತೆಗೆದು ಓದಿದ. ಒಂದೂ ಮೂವತ್ತೆರಡಕ್ಕೆ ಅದು ನಿದ್ದೆಗೆ ಹೋಗಿತ್ತು, ಎರಡೂ ಒಂದಕ್ಕೆ ಎದ್ದಿತ್ತು. ಎಬ್ಬಿಸಿದ್ದು ಮೌಸ್. ಮೌಸ್ ತಾನಾಗಿ ಅಲುಗುವುದಿಲ್ಲ, ಕೈ ಬೇಕು. ಅಂದರೆ ಎರಡು ಗಂಟೆ ಒಂದು ನಿಮಿಷಕ್ಕೆ ಮಾಲಕ ಜೀವಂತ. ಆಮೇಲೆ ಮೇಲೆ ಹತ್ತಿದ್ದು ಕಂಡವನು ದತ್ತಾ ಒಬ್ಬನೇ. ಫೌಜದಾರರು ಡಿಸ್ಕಿನ ನಕಲು ಒಯ್ದು, ಯಂತ್ರವನ್ನು ಮನೆಯವರಿಗೆ ಬಿಟ್ಟು, ನಿಶ್ಚಿಂತೆಯಿಂದ ಹೊರಟುಹೋದರು.

ಕೊಲ್ಹಾಪುರದ ಆ ಜಾಣನನ್ನು ಬೈಯುವಂತಿಲ್ಲ. ಅವನು ಬಂದ ದಿನ ಮಗ್ಗ ನಿಂತಿದ್ದವು. ಮೇಜು ಕಲ್ಲಿನ ಹಾಗೆ ಗಪ್ಪನೆ ಕೂತಿತ್ತು. ಮಗ್ಗ ಓಡುವಾಗ ಈ ಅಟ್ಟದ ಮೇಲೆ ಚಹಾದ ಕಪ್ಪು ಇಟ್ಟರೆ ಅದು ತಾನಾಗಿ ಮೇಜಿನಂಚಿಗೆ ನಡೆದು ಬರುತ್ತದೆಂದು ಅವನಿಗೆ ಯಾರು ಹೇಳಬೇಕು? ಗೊತ್ತಿದ್ದ ಇಪ್ಪತ್ತು ಮಂದಿಯನ್ನು ಯಾರೂ ಕೇಳಲೇ ಇಲ್ಲ.

ಮನೀಷಾಳಿಗೆ ಗೊತ್ತಿತ್ತು. ಅದೇ ಅವಳ ಸಂಕಟ.

ತಿಂಗಳ ಹಿಂದೆ ರಾಮಲಿಂಗಪ್ಪ ಅವಳನ್ನು ಕರೆಸಿದ್ದ. "ಮನೀಷಾ, ಈ ಕಂಪ್ಯೂಟರಕ ಒಂದೀಟು ನಿದ್ದಿ ಬರೂಹಂಗ ಮಾಡವಾ. ಮಲಗಸ್ತೇನಿ, ಎದ್ದ ಕುಂದರ್ತೇತಿ. ತೊಟ್ಟಲದಾಗಿನ ಕೂಸಿಗಿಂತ ಕಡೀ ಆತು." ಕೆಲಸ ಎರಡು ನಿಮಿಷದ್ದು. ಮೌಸ್ ಕಂಪ್ಯೂಟರನ್ನು ಎಬ್ಬಿಸಬಹುದು ಎಂದು ಸೆಟ್ಟಿಂಗಿನಲ್ಲೊಂದು ಟಿಕ್ ಇರುತ್ತದೆ. ಅದನ್ನು ತೆಗೆದರೆ ಮಗ್ಗ ಎಷ್ಟೇ ಕುಣಿದರೂ ಯಂತ್ರ ಏಳುವುದಿಲ್ಲ. ಆದರೆ ಅವತ್ತು ಗಡಹಿಂಗ್ಲಜದಲ್ಲಿ ಗೆಳತಿಯ ಮದುವೆ, ಬಸ್ಸಿನ ಹೊತ್ತು ಮೀರುತ್ತಿತ್ತು. "ಏಳೂ ಮುಂದ ಮೌಸ್ ಅಂಗಾತ ಮಲಗಸಿ ಹೋಗ್ರಿ, ಮಾಲಕ್ರ. ಅದರ ದೀಪಾ ಮ್ಯಾಲ ಇದ್ರ ಏನೂ ಕಾಣೂದಿಲ್ಲ ಅದಕ," ಎಂದು ನಗುತ್ತ ಓಡಿದ್ದಳು.

ಮುದುಕ ಆ ಮಾತನ್ನು ವ್ರತದ ಹಾಗೆ ಪಾಲಿಸಿದ್ದ. ಕುರ್ಚಿಯಿಂದ ಎದ್ದರೆ ಮೌಸ್ ಅಂಗಾತ. ನೀರು ಕುಡಿಯಲು ಹೋದರೂ ಅಂಗಾತ. ಅವನನ್ನು ನೋಡಿ ಆಳುಗಳು ನಗೆಯಾಡುತ್ತಿದ್ದರು.

ಆ ಟಿಕ್ಕೊಂದನ್ನು ಅಂದೇ ತೆಗೆದಿದ್ದರೆ ಇಂದು ದತ್ತಾ ಒಳಗಿರುತ್ತಿರಲಿಲ್ಲ. ತಜ್ಞ ಹೇಳಿದ್ದು ಕಿವಿಗೆ ಬಿದ್ದಾಗಿನಿಂದ ಮನೀಷಾಳಿಗೆ ನಿದ್ದೆ ಹತ್ತಿರಲಿಲ್ಲ.

"ಸರದ ನಿಲ್ಲು, ಮಲ್ಲಪ್ಪಾ."

ಬಾಗಿಲಲ್ಲಿ ಗೌರವ್ವ ನಿಂತಿದ್ದಳು. ರಾಮಲಿಂಗಪ್ಪನ ಹೆಂಡತಿ; ಮೈದುನ ಮಲ್ಲಿನಾಥ ಅವಳ ಬಾಯಲ್ಲಿ ಮಲ್ಲಪ್ಪ. ಶೆಡ್ಡಿಗೆ ಅಂಟಿಕೊಂಡ ಮನೆಯಿಂದ ನಾಲ್ಕು ದಿನದಲ್ಲಿ ಮೊದಲ ಸಲ ಹೊರಗೆ ಬಂದಿದ್ದಳು.

"ವೈನಿ, ಮಂದಿ ಏನ ಅಂದಾರು?"

"ಮಂದಿ ಅನ್ನೂದು ನಾ ಕೇಳ್ತೇನಿ. ನೀ ಸರಿ." ಅವಳು ಮನೀಷಾಳತ್ತ ತಿರುಗಿದಳು. "ಓಡಿಸಿದ್ರ ಏನ ಕಾಣತೇತಿ?"

"ದತ್ತಾ ಹೊಡದಾನೋ ಇಲ್ಲೋ ಅನ್ನೂದು ಕಾಣತೇತ್ರಿ, ಗೌರವ್ವಕ್ಕಾರ."

ಗೌರವ್ವ ಬಹಳ ಹೊತ್ತು ಮುಕ್ತಾಬಾಯಿಯ ಮುಖ ನೋಡಿದಳು. ಆಮೇಲೆ ಸೀದಾ ನಡೆದು ಬಂದು, ಮೈದುನನನ್ನು ಬರಿಗೈಯಲ್ಲಿ ಬದಿಗೆ ಸರಿಸಿ ಸ್ವಿಚ್ಚಿನ ಮೇಲೆ ಕೈಯಿಟ್ಟಳು. "ಮ್ಯಾಲ ಹೋಗು. ಕೂಗಿದಾಗ ಹಾಕತೇನಿ."

ಮನೀಷಾ ಎರಡೆರಡು ಮೆಟ್ಟಿಲು ಒಮ್ಮೆಗೇ ಹತ್ತಿದಳು. ಅಟ್ಟವೆಂದರೆ ಕಬ್ಬಿಣದ ತೊಲೆಗಳ ಮೇಲೆ ಹಲಗೆ ಬಡಿದ ಒಂದು ಕೋಣೆ, ಅದರ ಹಿಂದೆ ನೂಲಿಡುವ ಇನ್ನೊಂದು ಖೋಲಿ, ಹಿಂದಿನ ಓಣಿಗೆ ಇಳಿಯುವ ಬೇರೆ ಮೆಟ್ಟಿಲು. ಪೊಲೀಸರ ಫೋಟೋದಲ್ಲಿ ಮೌಸ್ ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಇಟ್ಟಳು. ಹೊಟ್ಟೆ ಕೆಳಗೆ, ಬೆನ್ನು ಮೇಲೆ. ಕಂಪ್ಯೂಟರನ್ನು ಮಲಗಿಸಿದಳು. ಪರದೆ ಕಪ್ಪಾಯಿತು. ಫೋನಿನ ಕ್ಯಾಮೆರಾ ತೆರೆದು ಹಿಡಿದಳು.

"ಹಾಕ್ರಿ!"

ಮಂಗಳವಾರದ ಗಾಬರಿಯಲ್ಲಿ ಆಳುಗಳು ಮೇನ್ ಮಾತ್ರ ಇಳಿಸಿದ್ದರು, ಮಗ್ಗಗಳ ಹ್ಯಾಂಡಲ್ ಹಾಕಿದಂತೆಯೇ ಇದ್ದವು. ಇಪ್ಪತ್ನಾಲ್ಕು ಮಗ್ಗ ಒಟ್ಟಿಗೇ ಖಟಾಖಟ್ ಎಂದವು. ಹಲಗೆ ನಡುಗಿತು, ಮೇಜು ನಡುಗಿತು, ಅವಳ ಹಲ್ಲು ಕೂಡ ನಡುಗಿತು. ಮೌಸ್ ಕೂದಲೆಳೆಯಷ್ಟು ಸರಿಯಿತು. ಮತ್ತೆ ಸರಿಯಿತು.

ಪರದೆ ಕಪ್ಪಾಗಿಯೇ ಇತ್ತು. ಹತ್ತು ಸೆಕೆಂಡು. ಇಪ್ಪತ್ತು. ಅರ್ಧ ನಿಮಿಷ. ಏಳೋ ಮಾರಾಯಾ, ಏಳು. ಅಷ್ಟೊಂದು ದಿನ ಮುದುಕನನ್ನು ಕಾಡಿದೆಯಲ್ಲ, ಈಗ ಯಾಕೆ ಸತ್ತಂತೆ ಬಿದ್ದಿದ್ದೀ?

ನಲವತ್ತೊಂದನೆಯ ಸೆಕೆಂಡಿಗೆ ಪರದೆ ಬೆಳಗಿತು.

ಅವಳು ಚೀರಿದಳು. ಆ ಸದ್ದಿನಲ್ಲಿ ಅವಳ ಚೀರು ಅವಳಿಗೇ ಕೇಳಲಿಲ್ಲ. ದಾಖಲೆ ತೆರೆದು ನೋಡಿದಳು. ಎಬ್ಬಿಸಿದ್ದು ಮೌಸ್, ಮಂಗಳವಾರದ ಸಾಲಿನ ಕೆಳಗೆ ಅದೇ ಮಾತು, ಅದೇ ಅಕ್ಷರ. ಅದನ್ನೂ ಫೋನಿನಲ್ಲಿ ಹಿಡಿದು ಸಾತಪ್ಪ ಕಾಕಾನಿಗೆ ಕಳಿಸಿದಳು. ಅಪ್ಪನ ತಮ್ಮ, ರಿಟೈರಾದ ಹವಾಲ್ದಾರ, ರಾಮಲಿಂಗಪ್ಪನ ಬಾಲ್ಯದ ಗೆಳೆಯ. ಅವಳನ್ನು ಈ ಕೇಸಿಗೆ ಎಳೆದವನೇ ಅವನು. ಈಗ ಕೋರ್ಟಿನ ಅಂಗಳದಲ್ಲಿ ದತ್ತಾನ ವಕೀಲರ ಜೊತೆ ಕಾಯುತ್ತಿದ್ದ. "ಏನ ಸಿಕ್ರೂ ಮದಲ ನನಗ ಕಳಸವಾ, ಉಳದದ್ದು ನಾ ನೋಡ್ಕೋತೇನಿ," ಎಂದು ಬೆಳಿಗ್ಗೆ ಹೇಳಿದ್ದ.

ಮಗ್ಗ ನಿಂತ ಮೇಲೆ ಅವಳು ಕೆಳಗೆ ಓಡಿ ಬಂದಳು. ಮಲ್ಲಿನಾಥ ಮತ್ತೆ ಸ್ವಿಚ್ಚಿನ ಪಕ್ಕಕ್ಕೇ ಬಂದು ನಿಂತಿದ್ದ.

"ಎದ್ದತು! ಯಾರೂ ಮುಟ್ಟಿಲ್ಲ, ತಾನ ಎದ್ದತು. ಮಂಗಳವಾರನೂ ಹಿಂಗ ಆಗೇತಿ. ದತ್ತಾ ಮೇನ್ ಹಾಕ್ಯಾನ, ಮಗ್ಗಾ ಚಾಲೂ ಆಗ್ಯಾವ, ಮೌಸ್ ಅಲಗ್ಯಾಡೇತಿ. ಮಾಲಕರ ಕೈ ಅಲ್ಲ ಅದು."

"ಆದ್ರ ಏನಾತು?" ಎಂದ ಮಲ್ಲಿನಾಥ. "ಅಣ್ಣನ ಕೈ ಅಲ್ಲ ಅಂತ ಆತು. ಯಾವಾಗ ಸತ್ತಾ ಅಂತ ನಿಮ್ಮ ಕಂಪ್ಯೂಟರ ಹೇಳತೇತೇನು?"

"ಹೇಳತೇತ್ರಿ. ಮೌಸ್ ಸೀದಾ ಇತ್ತು, ಅಂಗಾತ ಇದ್ದಿದ್ದಿಲ್ಲ. ನಿಮ್ಮ ಅಣ್ಣಾರು ತಾವಾಗಿ ಎದ್ದ ಹೋಗಿದ್ರ ಅದನ್ನ ಹೊರಳಸದ ಹೋಗತಿದ್ರೇನ್ರಿ?"

ಅದು ಎಲ್ಲರಿಗೂ ಗೊತ್ತಿದ್ದದ್ದೇ.

"ಆ ಕಂಪ್ಯೂಟರ ಯಾರೂ ಮುಟ್ಟಲಿಲ್ಲಂದ್ರ ಹದಿನೈದ ಮಿನಿಟಿಗೆ ಮಲಗತೇತಿ. ಮಲಗಿದ್ದು ಒಂದೂ ಮೂವತ್ತೆರಡಕ್ಕ. ಅಂದ್ರ ಅವರ ಕೈ ಮೌಸ್ ಬಿಟ್ಟದ್ದು ಒಂದೂ ಹದಿನೇಳಕ್ಕ. ಯಾರೋ ಬಂದ್ರು. ಮಾಲಕರು ಅವಸರಲೆ ಎದ್ರು. ತಿರುಗಿ ಕುರ್ಚಿಗೆ ಬರಲೇ ಇಲ್ಲ. ಎರಡಕ್ಕ ಮಗ್ಗಾ ಚಾಲೂ ಆದಾಗ ಜೀವಂತ ಇದ್ರ ಬಂದ ಮೌಸ್ ಹೊರಳಸತಿದ್ರು. ಒಂದೂ ಹದಿನೇಳರಿಂದ ಎರಡರೊಳಗ ಆಗೇತಿ ಇದು. ಆ ಹೊತ್ತಿನ್ಯಾಗ ದತ್ತಾ ಇಪ್ಪತ್ತ ಮಂದಿ ನಡುವ ಕುಂತ ರೊಟ್ಟಿ ತಿನ್ನಾಕತ್ತಿದ್ದ."

ಮುಕ್ತಾಬಾಯಿ ಮೆಟ್ಟಿಲಿನಿಂದ ಎದ್ದು ನಿಂತಳು.

"ಆ ಹೊತ್ತಿನ್ಯಾಗ ನೀವು ಎಲ್ಲಿದ್ರಿ, ಮಲ್ಲಿನಾಥಣ್ಣಾ?"

"ನನ್ನ ಕೇಳ್ತೀರಿ?" ಅವನ ಕುತ್ತಿಗೆಯ ನರ ಉಬ್ಬಿತು. "ನಾ ಗಡಹಿಂಗ್ಲಜದಾಗ ಇದ್ದೆ. ವೈನಿ ತವರಮನ್ಯಾಗ ಕೂಸಿನ ತೊಟ್ಟಲ ಕಾರ್ಯಾ ಇತ್ತು. ವೈನೀನ ಕರಕೊಂಡ ಮುಂಜಾನಿ ಹೋದಾಂವಾ ಸಂಜೀಕ ಸುದ್ದಿ ಕೇಳಿ ಬಂದೇನಿ. ಇಬ್ರೂ ಅಲ್ಲೇ ಇದ್ವಿ. ಫೌಜದಾರ ಕೂಡಾ ಬರಕೊಂಡ ಹೋಗ್ಯಾನ. ಹೇಳ್ರಿ ವೈನಿ!"

ಗೌರವ್ವ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದಳು.

ಮನೀಷಾ ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ ಫೋನ್ ಬಂತು. ಸಾತಪ್ಪ ಕಾಕಾ.

"ಭಾಳ ಛಲೋ ಹಿಡದಿ, ಮನೀಷಾ! ವಕೀಲರು ಹಿಗ್ಗಿ ಹೀರೇಕಾಯಿ ಆಗ್ಯಾರ. ಆದ್ರ ಇಲ್ಲೆ ಒಂದ ಘೋಟಾಳಾ ಆಗೇತಿ."

"ಏನಾತು ಕಾಕಾ?"

"ನೀ ಕಳಿಸಿದ್ದು ನೋಡಿ ನಾನ ಫೌಜದಾರಗ ಅಂದೆ, ಸಾವು ಆಗಿದ್ದು ಊಟದ ಹೊತ್ತಿನ್ಯಾಗ ಅಂತ. ಅಂವಾ ದತ್ತಾನ ಬೆನ್ನ ಮ್ಯಾಲ ಕೈ ಹಾಕಿ 'ಸುಟಲಾಸ್ ರೇ ಬಾಬಾ' ಅಂದಾ. ಬಿಡುಗಡೆ ಆತಲ್ಲೋ ಅಂದ್ರ ಹುಡುಗನ ಮಾರಿ ಸುಣ್ಣಾ ಬಳದಂಗ ಆತು. ಯಾವಾಗ ಅಂದ್ರಿ, ಊಟದ ಹೊತ್ತಿನ್ಯಾಗ? ಅಂತ ಎರಡ ಸಲ ಕೇಳಿದಾ. ಕೇಳಿ, 'ನಾನ ಹೊಡದೇನ್ರಿ, ಬರಕೋರಿ' ಅನ್ನಾಕತ್ತಾನ."

"ಹುಚ್ಚ ಹಿಡದೇತೇನ್ ಅವಗ? ಊಟದ ಹೊತ್ತಿನ್ಯಾಗ ಎಲ್ಲಾರ ಕಣ್ಣ ಮುಂದ ಇದ್ದನಲ್ಲ!"

"ಅದನ್ನ ನಾನೂ ಅನ್ನಾಕತ್ತೇನಿ. ನಾಕ ದಿನಾ ಕೇಳಿದ್ರೂ ಇಲ್ಲ ಅಂದಾಂವಾ, ಬಿಡತೇವಿ ಅಂದ ಕೂಡ್ಲೆ ಹೌದ ಅಂತಾನ. ಯಾರನ್ನೋ ಉಳಸಾಕತ್ತಾನ. ಯಾರ ಅದಾರವಾ ಅವಗ?"

ಯಾರಿದ್ದಾರೆ ಅವನಿಗೆ? ಮನೀಷಾ ಫೋನನ್ನು ಕಿವಿಯಿಂದ ಇಳಿಸಿದಳು. ಕಟ್ ಮಾಡುವುದು ಅವಳಿಗೆ ನೆನಪಾಗಲಿಲ್ಲ. ಅವಳು ಮುಕ್ತಾಬಾಯಿಯ ಕಡೆ ತಿರುಗಿದಳು.

"ನನ್ನ ಮಗಾ ಏನ ಅಂದಾ?" ಎಂದಳು ಮುಕ್ತಾಬಾಯಿ.

"ತಾನ ಕೊಂದೇನಿ ಅಂತಾನ, ಆಯಿ."

ಮುದುಕಿ ಕಣ್ಣು ಮುಚ್ಚಿದಳು. ತೆರೆದಾಗ ಅವಳ ದನಿ ನೆಟ್ಟಗಿತ್ತು.

"ನಾ ಹಿಂದಿನ ಓಣಿಗೆ ಹೊರಳೂದನ್ನ ಅಂವಾ ನೋಡ್ಯಾನ. ನೋಡಿಲ್ಲ ಅಂತ ತಿಳಕೊಂಡಿದ್ದೆ. ಮಂಗಳವಾರ ಊಟದ ಹೊತ್ತಿನ್ಯಾಗ ಹಿಂದಿನ ಪಾವಟಿಗಿ ಹತ್ತಿ ಮ್ಯಾಲ ಹೋದಾಕಿ ನಾನ ಯವ್ವಾ. ದತ್ತಾ ಕೊರೋಚಿ ಶೆಡ್ಡಿಗೆ ಹೋಗ್ತೇನಿ ಅಂತ ಮಾಲಕರ ಜೋಡಿ ಜಗಳಾ ಮಾಡಿದ್ನಲ್ಲ, ಹುಡುಗಬುದ್ಧಿ, ಹೊಟ್ಟ್ಯಾಗ ಹಾಕೋರಿ ಅಂತ ಕೇಳಾಕ ಹೋಗಿದ್ದೆ. ಏದಸರಾ ಬಂದಿತ್ತು. ಮಾಲಕರು ಕೈಯಾಗಿಂದು ಬಿಟ್ಟ ಗಡಬಡಿಸಿ ಎದ್ದ ಬಂದ್ರು, ತಾವ ತಂಬಗಿ ತುಂಬಿ ನೀರ ಕೊಟ್ರು."

ಒಂದೂ ಹದಿನೇಳು. ಮಗನನ್ನು ಬಿಡಿಸಲೆಂದು ಮನೀಷಾ ಹುಡುಕಿ ತೆಗೆದ ಆ ನಿಮಿಷದೊಳಗೆ ತಾಯಿಯೇ ನಿಂತಿದ್ದಳು. ಅದನ್ನು ತಾನೇ ಕೋರ್ಟಿನ ಬಾಗಿಲಿಗೆ ಮುಟ್ಟಿಸಿಯೂ ಆಗಿತ್ತು.

"ಆಮ್ಯಾಲ?"

"ಆಮ್ಯಾಲ ಇಳದ ಮನೀಗೆ ಹೋದೆ. ಅವರು ನಕ್ಕೋತ ಕಳಿಸಿದ್ರು. ಆದ್ರ ನನ್ನ ಮಾತು ಯಾರ ಕೇಳ್ತಾರ? ನಿನ್ನ ಲೆಕ್ಕಾ ನನ್ನ ಮ್ಯಾಲ ಕುಂದರ್ತೇತಲ್ಲ ಯವ್ವಾ, ಕುಂದರಲಿ ಬಿಡು. ಮುಕ್ತಾಬಾಯಿ ಹೊಡದಾಳ ಅಂತ ಬರಸು. ನನ್ನ ಮಗಾ ಹೊರಗ ಬರಲಿ. ನಂದೇನ, ಇವತ್ತ ಇದ್ದೇನಿ, ನಾಳೆ ಇಲ್ಲ."

"ಏ ಮುಕ್ತಾ, ಸುಮ್ಮನಿರು!"

ಗೌರವ್ವನ ದನಿ ಅಷ್ಟು ಜೋರಾಗಿ ಬಂದದ್ದನ್ನು ಮನೀಷಾ ಎಂದೂ ಕೇಳಿರಲಿಲ್ಲ. ಸೆರಗು ಬೆರಳಿನಿಂದ ಬಿಚ್ಚಿ ಬಿದ್ದಿತ್ತು.

"ಈಕಿ ಮಾಡಿಲ್ಲ. ಈಕಿ ಇಳದು ಹೋದ ಮ್ಯಾಲೂ ಅವರು ಛಲೋ ಇದ್ರು. ನಾ ನೋಡೇನಿ."

"ವೈನಿ!"

"ಏನ ವೈನಿ? ಎಷ್ಟ ದಿನಾ ಬಾಯಿ ಮುಚ್ಚಿಕೊಂಡ ಇರ್ಲಿ? ಮಗನ್ನ ಒಳಗ ಹಾಕಿದ್ರು, ಇನ್ನ ತಾಯಿನ್ನೂ ಹಾಕಸ್ಲಿ?" ಅವಳು ಮನೀಷಾಳಿಗೆ ಎದುರಾಗಿ ನಿಂತಳು. "ನಾ ಗಡಹಿಂಗ್ಲಜಕ ಹೋಗೇ ಇಲ್ಲವಾ. ಮಲ್ಲಪ್ಪ ಒಬ್ನ ಹೋಗಿದ್ದ. ನಾ ನೋಡೇನಿ ಅಂತ ಗೊತ್ತಾದ್ರ ನನ್ನೂ ಉಳಸೂದಿಲ್ಲ ಅಂತ ಹೆದರಿ ಹಂಗ ಬರಸಿದಾ. ಮ್ಯಾಲ ನೂಲಿನ ಖೋಲಿಯೊಳಗ ಬಾಗಲಾ ಮುಂದ ಮಾಡಿಕೊಂಡ ನಿಂತಿದ್ದೆ. ಮುಕ್ತಾ ಹೋದ್ಲು. ಆಮ್ಯಾಲ ಹಿಂದಿನ ಪಾವಟಿಗಿಲೆ ಇನ್ನೊಬ್ಬಾಂವಾ ಬಂದಾ. ಅವನ ದನಿ ಕೇಳಿ ನನ್ನ—"

ಮಲ್ಲಿನಾಥ ಸ್ವಿಚ್ ಹಾಕಿದ.

ಇಪ್ಪತ್ನಾಲ್ಕು ಮಗ್ಗ ಎದ್ದು ಕೂಗಿದವು. ಗೌರವ್ವನ ಮಾತು ಅದರೊಳಗೆ ಮುಳುಗಿತು. ಮನೀಷಾ ಅವನ ತೋಳು ಹಿಡಿದು ಜಗ್ಗಿದಳು. ಅವನು ಜಗ್ಗಲಿಲ್ಲ, ಅವನ ಕಣ್ಣಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಗೌರವ್ವ ಮಾತ್ರ ನಿಲ್ಲಿಸಲಿಲ್ಲ. ಕಟ್ಟಿಟ್ಟದ್ದೆಲ್ಲ ಒಡೆದಿತ್ತು. ತುಟಿ ಅಲುಗುತ್ತಲೇ ಇದ್ದವು, ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

ಮನೀಷಾಳಿಗೆ ಒಂದಕ್ಷರವೂ ಕೇಳಲಿಲ್ಲ.

ಆದರೆ ಕಾಂಡಿ ಸುತ್ತುವ ಹೆಂಗಸರು ಈ ಸದ್ದಿನಲ್ಲೇ ಸುಖದುಃಖ ಹಂಚಿಕೊಂಡು ಬದುಕಿದವರು. ಮಗ್ಗ ಓಡುವಾಗ ಅವರು ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿ ತಿಳಿಯುತ್ತಾರೆ. ಮುಕ್ತಾಬಾಯಿ ಗೌರವ್ವನ ಬಾಯಿಯ ಮೇಲಿಟ್ಟ ಕಣ್ಣನ್ನು ಕದಲಿಸಲಿಲ್ಲ. ಗೌರವ್ವ ಕೊನೆಗೆ ಒಂದು ಹೆಸರು ಹೇಳಿ ಸುಮ್ಮನಾದಳು.

ಮುಕ್ತಾಬಾಯಿ ಮಲ್ಲಿನಾಥನ ಕಡೆ ನೋಡಲೇ ಇಲ್ಲ. ನಿಧಾನವಾಗಿ ಮನೀಷಾಳ ಕಡೆ ತಿರುಗಿ, ಅವಳ ಕೈಯಲ್ಲಿದ್ದ ಫೋನಿಗೆ ಬೆರಳು ಮಾಡಿದಳು. ಮೊದಲು ಫೋನಿಗೆ, ಆಮೇಲೆ ಗೌರವ್ವನ ತುಟಿಗೆ, ಮತ್ತೆ ಫೋನಿಗೆ.

ಪರದೆಯ ಮೇಲೆ ಸಾತಪ್ಪ ಕಾಕಾನ ಹೆಸರು ಇನ್ನೂ ಬೆಳಗುತ್ತಿತ್ತು. ಗೌರವ್ವ ಕೊನೆಗೆ ಹೇಳಿದ ಹೆಸರೂ ಅದೇ. ಅದರ ಕೆಳಗೆ ಕರೆಯ ನಿಮಿಷ, ಸೆಕೆಂಡುಗಳು ಓಡುತ್ತಲೇ ಇದ್ದವು. ಮಗ್ಗ ಶುರುವಾಗುವವರೆಗೆ ಇಲ್ಲಿ ಆಡಿದ್ದನ್ನೆಲ್ಲ ಅವನು ಕೇಳಿಸಿಕೊಂಡಿದ್ದ.